ಆರು ಗೆರೆ, ಒಂದು ಚಮಚ ತುಪ್ಪ

ನೂರೀನ್, ನಿನ್ನೆ ಬಳ್ಳಾರಿಯಿಂದ ಫೋನು ಮಾಡಿ ನಿನ್ನ ಅಮ್ಮಿಯನ್ನು ಬೈದೆಯಂತೆ. ಮಾತ್ರೆ ಸರಿಯಾಗಿ ಕೊಟ್ಟಿದ್ದರೆ ಅಬ್ಬಾಗೆ ಎರಡನೇ ಸಲ ಮಲೇರಿಯಾ ಯಾಕೆ ಬರುತ್ತಿತ್ತು ಅಂತ ಕೇಳಿದೆಯಂತೆ. ಅವಳು ಉತ್ತರ ಕೊಡದೆ ಫೋನು ಇಟ್ಟಳಂತೆ. ಬೆಳಿಗ್ಗೆ ಆಟೋದಲ್ಲಿ ಬರುವಾಗ ನಿನ್ನ ಅಪ್ಪ ಮುಜಫ್ಫರ್ ಹೇಳಿದ. ಅದಕ್ಕೇ ಈ ಬಸಪ್ಪನ ಧ್ವನಿ ಸಂದೇಶ. ಒಂದಲ್ಲ, ನಾಲ್ಕೈದು ಬರುತ್ತವೆ. ಕೂಸನ್ನು ಮಲಗಿಸಿ, ಕೂತು ಕೇಳು. ತಪ್ಪು ನಿನ್ನ ಅಮ್ಮಿಯದಲ್ಲ. ನನ್ನದು.

ಈಗ ನಾನು ಯಲಹಂಕ ಹಳೇ ಊರಿನಲ್ಲಿ, ಡಾಕ್ಟರ್ ಪ್ರತಿಭಾ ಅವರ ಕ್ಲಿನಿಕ್ಕಿನ ಹೊರಗೆ, ಮಳೆಮರದ ಕೆಳಗೆ ಕೂತಿದ್ದೇನೆ. ಎರಡನೇ ಸಲದ ಔಷಧಿ ಶುರುವಾಗಿ ಇವತ್ತಿಗೆ ಇಪ್ಪತ್ತೆಂಟು ದಿನ. ನಿನ್ನ ಅಪ್ಪನ ಬೆರಳಿನ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ಸವರಿ ಒಳಗೆ ತೆಗೆದುಕೊಂಡು ಹೋಗಿದ್ದಾರೆ. ಅದಕ್ಕೆ ಬಣ್ಣ ಹಾಕಿ, ಒಣಗಿಸಿ, ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡಬೇಕು. ಮುಕ್ಕಾಲು ಗಂಟೆ ಅಂದರು. ಅದರಲ್ಲಿ ಒಂದೇ ಒಂದು ರೋಗಾಣು ಕಂಡರೂ ನಾವು ಮತ್ತೆ ಮೊದಲಿನ ಜಾಗಕ್ಕೇ ಬಂದು ನಿಂತ ಹಾಗೆ. ನಿನ್ನ ಅಮ್ಮಿ ಒಳಗೆ ಅವನ ಪಕ್ಕ ಕೂತಿದ್ದಾಳೆ. ನನಗೆ ಒಳಗೆ ಕೂರಲು ಆಗಲಿಲ್ಲ.

ನನ್ನ ಕಥೆ ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಮೊದಲಿನಿಂದ ಶುರು ಮಾಡದಿದ್ದರೆ ನನಗೆ ದಾರಿ ತಪ್ಪುತ್ತದೆ. ರಾಯಚೂರು ಕಡೆಯ ಹಳ್ಳಿಗಳಲ್ಲಿ, ಕೊನೆಗೆ ಇಲ್ಲಿ ಯಲಹಂಕದಲ್ಲಿ, ಮೂವತ್ತೊಂದು ವರ್ಷ ನಾನು ಸರ್ಕಾರದ ಮಲೇರಿಯಾ ಕೆಲಸದವನು. ಮನೆಮನೆಗೆ ಹೋಗುವುದು, ಜ್ವರ ಬಂದವರ ಬೆರಳು ಚುಚ್ಚುವುದು, ಒಂದು ಹನಿ ರಕ್ತವನ್ನು ಗಾಜಿಗೆ ಹಚ್ಚುವುದು, ನನ್ನ ಕಣ್ಣೆದುರೇ ಮಾತ್ರೆ ನುಂಗಿಸುವುದು. ನುಂಗಿದ ಮೇಲೆ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು, ಒಂದು ಗೆರೆ. ಆ ಗೆರೆ ಇದ್ದರೆ ಕೆಲಸ ಆಗಿದೆ ಅಂತ ಅರ್ಥ. ಮೇಲಿನವರು ಬಂದು ಗೆರೆ ನೋಡಿ ಹೋಗುತ್ತಿದ್ದರು. ಗಾಜು ಮಾತ್ರ ಡಬ್ಬಿಯಲ್ಲಿ ಎಲ್ಲಿಗೋ ಹೋಗುತ್ತಿತ್ತು. ಅದನ್ನು ನೋಡುವವರು ಬೇರೆ. ನಾನು ಚುಚ್ಚಿದ ಸಾವಿರಾರು ಬೆರಳುಗಳ ರಕ್ತದಲ್ಲಿ ಏನಿತ್ತು ಅಂತ ಒಂದು ಸಲವೂ ನಾನು ಕಣ್ಣಾರೆ ಕಂಡವನಲ್ಲ. ಅಲ್ಲಾಳಸಂದ್ರದ ನಮ್ಮ ರಸ್ತೆಯಲ್ಲಿ ನನಗೆ ‘ಮಲೇರಿಯಾ ಸಾಹೇಬ್’ ಅಂತ ಹೆಸರಿಟ್ಟವನು ನಿನ್ನ ಅಪ್ಪನೇ. ಆ ಹೆಸರು ನನ್ನ ತಲೆಗೆ ಏರಿತ್ತು. ಅದೇ ತೊಂದರೆ.

ಮೇ ತಿಂಗಳಲ್ಲಿ ಅವನು ಒಡಿಶಾದಿಂದ ಬಂದನಲ್ಲ. ಬೆಟ್ಟದ ಮಧ್ಯದ ಯಾವುದೋ ಊರಿನಲ್ಲಿ ಆರು ಮಗ್ಗ ಕೂರಿಸಿ ಬಂದಿದ್ದ. ಅರವತ್ತಮೂರನೇ ವಯಸ್ಸಿನಲ್ಲೂ ಮಗ್ಗ ಕೆಟ್ಟರೆ ಯಲಹಂಕದವರು ಇವನನ್ನೇ ಕರೆಯಬೇಕು, ಒಡಿಶಾದವರೂ ಇವನನ್ನೇ ಕರೆಯಬೇಕು. ಬಂದ ವಾರಕ್ಕೆ ಎಂದಿನಂತೆ ಕೆರೆಯ ಸುತ್ತ ಎರಡು ಸುತ್ತು ಹಾಕಿ ಕಲ್ಲು ಬೆಂಚಿನ ಮೇಲೆ ಕೂತೆವು. ಬಿಸಿಲು ಏರುತ್ತಿತ್ತು. ನೀರಿನ ಮೇಲೆ ಬೆಳಕು ಅಲುಗಾಡದೆ ನಿಂತಿತ್ತು. ಬಾತುಕೋಳಿಗಳೂ ನಿದ್ದೆಗಣ್ಣಲ್ಲಿ ತೇಲುತ್ತಿದ್ದವು.

“ಬಸಪ್ಪ ಭಾಯಿ, ಚಳಿ ಆಗ್ತಿದೆಯಲ್ಲ,” ಅಂದ.

“ಮೇ ತಿಂಗಳಲ್ಲಿ ಚಳಿನಾ? ಏನ್ ಊಟಿಯಲ್ಲಿ ಕೂತಿದ್ದೀಯಾ?”

ಅವನು ನಗಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದವು. ಕಣ್ಣು ಮಾತ್ರ ಆಕಾಶದಲ್ಲಿ, ಏರ್‌ಪೋರ್ಟಿನ ಕಡೆ ಇಳಿಯುತ್ತಿದ್ದ ವಿಮಾನದ ಮೇಲೆ.

“ನೋಡಿ ಅದನ್ನ. ಹಿಂದೆ ನೂಲು ಬಿಟ್ಕೊಂಡು ಇಳೀತಿದೆ. ಎಷ್ಟು ಉದ್ದ ನೂಲು, ಯಾರಿಗೆ ಇಷ್ಟು ಬೇಕು?”

ಕೈ ಹಿಡಿದೆ. ಒಲೆಯ ಮೇಲಿನ ಪಾತ್ರೆ ಹಿಡಿದ ಹಾಗಾಯಿತು. ನೂಲೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಬರಿಯ ಆಕಾಶ. ಆದರೆ ಅವನು ಎಷ್ಟು ನಂಬಿಕೆಯಿಂದ ಹೇಳಿದನೆಂದರೆ ನಾನೂ ಒಂದು ಕ್ಷಣ ಕಣ್ಣು ಕಿರಿದು ಮಾಡಿ ಹುಡುಕಿದೆ.

ಇದೇ ಕ್ಲಿನಿಕ್ಕಿಗೆ ಕರೆದುಕೊಂಡು ಬಂದೆ. ಬೆರಳು ಚುಚ್ಚಿ ಪರೀಕ್ಷೆಯ ಕಾರ್ಡಿನ ಮೇಲೆ ರಕ್ತ ಬಿಟ್ಟರು. ಗೆರೆ ಮೂಡಿತು. ಕೆಟ್ಟ ಜಾತಿಯ ಮಲೇರಿಯಾ, ಫಾಲ್ಸಿಪೇರಮ್, ಬಿಟ್ಟರೆ ಮೆದುಳಿಗೆ ಏರುವಂಥದ್ದು. ಪ್ರತಿಭಾ ಅವರು ನಿನ್ನ ಅಪ್ಪ ಅಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು.

“ಒಂದೇ ಮಾತ್ರೆ, ಆದ್ರೆ ಒಳಗೆ ಎರಡು ಔಷಧಿ ಇದೆ. ಒಂದು ಜೋರು. ಬಂದ ತಕ್ಷಣ ಹೆಚ್ಚಿನ ರೋಗಾಣುಗಳನ್ನ ಹೊಡೆದುಹಾಕತ್ತೆ, ಕೆಲವೇ ಗಂಟೆಯಲ್ಲಿ ರಕ್ತದಿಂದ ಹೊರಟೂ ಹೋಗತ್ತೆ. ಇನ್ನೊಂದು ನಿಧಾನ. ಅದು ದಿನಗಟ್ಟಲೆ ಒಳಗೇ ಕೂತು, ಅಡಗಿರೋ ಒಂದೊಂದನ್ನೂ ಹುಡುಕಿ ಮುಗಿಸತ್ತೆ. ಮೂರು ದಿನ, ಆರು ಮಾತ್ರೆ. ಪ್ರತಿಸಲ ಹಾಲೋ ತುಪ್ಪನೋ, ಜಿಡ್ಡಿರೋದು ಏನಾದ್ರೂ ತಿಂದೇ ನುಂಗಬೇಕು. ಮರೀಬೇಡಿ.”

ನಾನು ಹಿಂದೆ ನಿಂತು ಕೇಳಿಸಿಕೊಂಡೆ. ಕಿವಿ ಕೇಳಿಸಿಕೊಂಡಿತು, ತಲೆ ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದಾಗ ನಿನ್ನ ಅಮ್ಮಿ ಖಿಚಡಿ ಮಾಡಿ, ಅದರ ಮೇಲೆ ತುಪ್ಪ ಬಿಡಲು ಡಬ್ಬಿ ತೆರೆದಿದ್ದಳು. ನಾನು ಬಾಗಿಲಲ್ಲೇ ನಿಂತು ತಡೆದೆ.

“ಏನಮ್ಮ ಫಖ್ರುನ್ನೀಸಾ, ಇದೇನು?”

“ಖಿಚಡಿ, ಭಾಯಿಸಾಬ್. ಡಾಕ್ಟರ್ ತುಪ್ಪ ಹಾಕಿ ಅಂದ್ರಲ್ಲ.”

“ಡಾಕ್ಟರಮ್ಮನಿಗೆ ವಯಸ್ಸೆಷ್ಟು, ಮೂವತ್ತೈದಾ? ಜ್ವರದವರ ಬೆರಳು ಹಿಡ್ಕೊಂಡೇ ನಾನು ಮೂವತ್ತೊಂದು ವರ್ಷ ಕಳೆದಿದ್ದೀನಿ. ಇವನ ನಾಲಿಗೆ ನೋಡು, ಬೆಳ್ಳಗೆ ಪಾಚಿ ಕಟ್ಟಿದೆ. ಇಂಥ ಹೊಟ್ಟೆ ಮೇಲೆ ತುಪ್ಪ ಸುರಿತೀಯಾ?”

“ಹಾಲಾದ್ರೂ ಕೊಡ್ಲಾ?”

“ಹಾಲು ಕಫ. ಬೇಡ. ಜ್ವರ ಬಿಡೋವರೆಗೂ ಗಂಜಿ. ನಮ್ಮನೆಯಿಂದ ಬರತ್ತೆ.”

ಮಂಚದ ಮೇಲಿಂದ ನಿನ್ನ ಅಪ್ಪ ಸಣ್ಣ ದನಿಯಲ್ಲಿ ಕೇಳಿದ. “ಖಿಚಡಿಗೆ ವೋಟ್ ಹಾಕೋರು ಈ ಮನೇಲಿ ಯಾರೂ ಇಲ್ವಾ?”

ಅವಳು ನನ್ನ ಮುಖ ನೋಡಿದಳು, ಡಬ್ಬಿಯ ಮುಚ್ಚಳ ಹಾಕಿದಳು. ಜ್ವರ ಅಂದರೆ ಜಿಡ್ಡು ಬಂದ್. ನನ್ನ ಅವ್ವನೂ ಹಾಗೇ ಮಾಡಿದ್ದು, ನಾನು ಹೋದ ಪ್ರತಿ ಮನೆಯಲ್ಲೂ ಹಾಗೇ ಹೇಳಿ ಬಂದದ್ದು. ಆಗಿನ ಮಾತ್ರೆಗೆ ಅದು ನಡೆಯುತ್ತಿತ್ತು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಸಾಕಿತ್ತು. ಮಾತ್ರೆ ಬದಲಾಗಿದೆ ಅಂತ ಗೊತ್ತಿತ್ತು. ಅದರ ಜೊತೆ ಪಥ್ಯವೂ ಬದಲಾಗಿರಬಹುದು ಅಂತ ಹೊಳೆಯಲಿಲ್ಲ.

ನಮ್ಮನೆಯವಳು ಚನ್ನಕ್ಕ ಕೂಡ ಗಂಜಿ ಕುದಿಸುವಾಗ ಒಂದು ಮಾತು ಅಂದಳು.

“ಡಾಕ್ಟರು ಬ್ಯಾರೆನ ಹೇಳ್ಯಾರಂತಲ್ರೀ. ಒಂದ್ ಚಮಚ ಬೆಣ್ಣಿ ಹಾಕ್ಲೇನು?”

“ನೀ ಸುಮ್ನ ಕುದಿಸು,” ಅಂದೆ.

ನೀರಾದ ಗಂಜಿ. ಉಪ್ಪು, ಜೀರಿಗೆ, ಅಷ್ಟೇ. ಮೂರು ದಿನ, ಆರು ಸಲ ನಾನೇ ಹೊತ್ತುಕೊಂಡು ಹೋದೆ. ಆರು ಸಲವೂ ನನ್ನ ಕಣ್ಣೆದುರೇ ನುಂಗಿಸಿದೆ. ನಿಮ್ಮ ಮನೆಯ ಬಾಗಿಲ ಪಕ್ಕ, ಸ್ವಿಚ್ಚಿನ ಕೆಳಗೆ, ಪೆನ್ಸಿಲಿನಲ್ಲಿ ಆರು ಗೆರೆ ಹಾಕಿದೆ. ಎರಡನೇ ದಿನವೇ ಜ್ವರ ಇಳಿಯಿತು. ನಾಲ್ಕನೇ ದಿನ ಅವನು ಕೆರೆಗೆ ಬಂದ. ನನ್ನ ಜಂಭ ಕೇಳಬೇಕಿತ್ತು ನೀನು. ಬೆಂಚಿನ ಹತ್ತಿರ ಯಾರು ನಿಂತರೂ ಅವರಿಗೆಲ್ಲ ಗಂಜಿಯ ಮಹಿಮೆ ಹೇಳಿದೆ.

ಆಮೇಲಿನ ದಿನಗಳು ನಿದ್ದೆಯಲ್ಲಿ ನಡೆದ ಹಾಗೆ ನಡೆದವು. ಬಿಸಿಲು, ಕೆರೆ, ಬೆಂಚು. ಮುಜಫ್ಫರ್ ಬೆಂಚಿನ ಮೇಲೇ ತೂಕಡಿಸುತ್ತಿದ್ದ. ಜ್ವರದ ನಿಶ್ಶಕ್ತಿ ಅಂದುಕೊಂಡೆ. ಎದ್ದು ಕನಸು ಹೇಳುತ್ತಿದ್ದ. ದಿನಾ ಒಂದೇ ಕನಸು. ಕೆರೆಯ ಈ ದಡದಿಂದ ಆ ದಡಕ್ಕೆ ಒಂದು ದೊಡ್ಡ ಮಗ್ಗ. ಲಾಳಿ ಹಕ್ಕಿಯ ಹಾಗೆ ಅತ್ತಿಂದಿತ್ತ ಓಡುತ್ತಿದೆ. ಸದ್ದಿಲ್ಲ. ಬಟ್ಟೆ ಮಾತ್ರ ಬರುತ್ತಿಲ್ಲ.

“ಯಾಕೆ ಬರ್ತಿಲ್ಲ?” ಅಂತ ಕೇಳಿದೆ.

“ಅದೇ ತಿಳೀತಿಲ್ಲ, ಭಾಯಿ. ನೂಲೆಲ್ಲ ನೀರಿಗೆ ಬೀಳ್ತಿದೆ.”

“ರಿಟೈರ್ ಆಗು. ಕನಸಲ್ಲೂ ರಿಪೇರಿ ಮಾಡ್ತೀಯಾ,” ಅಂದೆ.

ಮೊದಲ ಮಾತ್ರೆ ನುಂಗಿದ ಇಪ್ಪತ್ತನೇ ದಿನ ಅವನು ಕೆರೆಗೆ ಬರಲಿಲ್ಲ. ಹನ್ನೊಂದು ಗಂಟೆಗೆ ಮನೆಗೆ ಹೋದೆ. ನಿನ್ನ ಅಮ್ಮಿ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದೇ ಬಾಗಿಲು ತೆರೆದಳು. ಅವನು ಎರಡು ರಗ್ಗಿನ ಕೆಳಗೆ ಅದುರುತ್ತಿದ್ದ. ಕಣ್ಣು ತೆರೆದಿತ್ತು, ನೋಟ ಚಾವಣಿ ದಾಟಿ ಎಲ್ಲೋ ಇತ್ತು. ನನ್ನನ್ನು ನೋಡಿ ಏಳಲು ಹೋದ.

“ಬನ್ನಿ ಮಾಲೀಕ್, ಕೂತ್ಕೊಳ್ಳಿ. ಇನ್ನೇನು ಮುಗೀತು, ಸಂಜೆಗೆ ಓಡಿಸ್ತೀನಿ.”

ಒಡಿಶಾದ ಮಗ್ಗದ ಯಜಮಾನ ಅಂದುಕೊಂಡಿದ್ದ ನನ್ನನ್ನು. ಇಪ್ಪತ್ತೆರಡು ವರ್ಷದ ಸ್ನೇಹಿತ ನನ್ನ ಗುರುತು ಹಿಡಿಯಲಿಲ್ಲ, ನೂರೀನ್. ಆಟೋದಲ್ಲಿ ಅವನ ತಲೆ ನನ್ನ ಭುಜದ ಮೇಲಿತ್ತು. ಮಾರುತಿ ನಗರದ ಮರಗಳು, ಅಂಗಡಿಗಳು, ಸೇತುವೆ, ಎಲ್ಲ ನೀರಿನೊಳಗಿಂದ ನೋಡಿದ ಹಾಗೆ ಹಿಂದಕ್ಕೆ ಹೋಗುತ್ತಿದ್ದವು. ಅವನು ನನ್ನ ಶರ್ಟಿನ ಗುಂಡಿಯನ್ನು ಬೆರಳಲ್ಲಿ ತಿರುಗಿಸುತ್ತ ಎಳೆ ಎಣಿಸುತ್ತಿದ್ದ.

ಪ್ರತಿಭಾ ಅವರು ಪಕ್ಕದ ನರ್ಸಿಂಗ್ ಹೋಮಿನಲ್ಲಿ ಮಲಗಿಸಿದರು. ಅದೇ ರೋಗ, ಅದೇ ಜಾತಿ. ಆಮೇಲೆ ನನ್ನನ್ನೂ ನಿನ್ನ ಅಮ್ಮಿಯನ್ನೂ ಪಕ್ಕಕ್ಕೆ ಕರೆದರು. ನಿನ್ನ ಅಮ್ಮಿ ಖಾಲಿ ಮಾತ್ರೆ ಹಾಳೆಯನ್ನು ಬಿಸಾಡದೆ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಅದನ್ನು ಟೇಬಲ್ಲಿನ ಮೇಲೆ ಇಟ್ಟಳು.

“ಆರೂ ನುಂಗಿದ್ರಾ?”

“ಹೂಂ, ಡಾಕ್ಟರ್.”

“ವಾಂತಿ ಆಯ್ತಾ? ಟೈಮ್ ತಪ್ತಾ?”

“ಇಲ್ಲ.”

“ನೋಡಿದ್ದು ಯಾರು?”

“ನಾನು,” ಅಂದೆ. “ಆರೂ ನನ್ನ ಕಣ್ಮುಂದೆ. ಗೋಡೆ ಮೇಲೆ ಗೆರೆ ಹಾಕಿದ್ದೀನಿ.”

ಅವರು ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದರು. “ಏನ್ ತಿಂದು ನುಂಗಿದ್ರು?”

ಆಗ ನನಗೆ ತಿಳಿಯಿತು. ಅದಕ್ಕೂ ಮುಂಚೆ ಅಲ್ಲ, ಸುಳ್ಳು ಹೇಳುವುದಿಲ್ಲ. ಆ ಪ್ರಶ್ನೆ ಕೇಳಿದಾಗಲೇ ತಿಳಿದದ್ದು. ನಿನ್ನ ಅಮ್ಮಿ ನನ್ನನ್ನು ನೋಡಿದಳು. ಆಮೇಲೆ ತಲೆ ತಗ್ಗಿಸಿ, “ಊಟ ಮಾಡೇ ನುಂಗಿದ್ರು,” ಅಂದಳು.

ನನ್ನ ಮರ್ಯಾದೆ ಉಳಿಸುತ್ತಿದ್ದಳು. ಒಳಗೆ ಗಂಡ ಎಳೆ ಎಣಿಸುತ್ತ ಮಲಗಿದ್ದಾನೆ, ಇಲ್ಲಿ ಇವಳು ಎಪ್ಪತ್ತಾರು ವರ್ಷದ ಮುದುಕನ ಮರ್ಯಾದೆ ಕಾಯುತ್ತಿದ್ದಾಳೆ.

ಪ್ರತಿಭಾ ನಿಟ್ಟುಸಿರು ಬಿಟ್ಟರು. “ಹಾಗಿದ್ರೆ ಮಾತ್ರೆಯೇ ಕೈ ಕೊಟ್ಟಿದೆ ಅಂತ ಬರೀಬೇಕಾಗತ್ತೆ. ಈಗ ಇಂಜೆಕ್ಷನ್ ಕೊಡ್ತೀನಿ, ಜ್ವರ ಇಳಿಯತ್ತೆ. ಆದ್ರೆ ಅದೂ ಬರೀ ಗಂಟೆಗಳ ಔಷಧಿ. ಅದರ ಹಿಂದೆ ದಿನಗಟ್ಟಲೆ ನಿಲ್ಲೋದು ಇನ್ನೊಂದು ಬೇಕೇ ಬೇಕು. ಸೋತಿರೋ ಮಾತ್ರೆಯನ್ನೇ ಮತ್ತೆ ಕೊಡೋಕಾಗಲ್ಲ. ಬೇರೆ ದಾರಿ ಅಂದ್ರೆ ಏಳು ದಿನದ ಔಷಧಿ. ಕಿವಿ ಗುಂಯ್ ಅನ್ನತ್ತೆ, ರಕ್ತದಲ್ಲಿ ಸಕ್ಕರೆ ಕುಸಿಯತ್ತೆ. ಇವರು ಮೊದಲೇ ಶುಗರ್ ಮಾತ್ರೆ ತಗೋತಿದ್ದಾರೆ. ನನಗೆ ಧೈರ್ಯ ಬರ್ತಿಲ್ಲ.”

ಕಿಟಕಿಯ ಹೊರಗೆ ಒಂದು ವಿಮಾನ ಇಳಿಯುತ್ತಿತ್ತು. ಸದ್ದು ಹತ್ತಿ ಒಳಗೆ ತುರುಕಿದ ಹಾಗೆ ಮಂದವಾಗಿ ಬಂತು. ನನಗೆ ನಾನು ನೋಡಿದ ಗೋಡೆಗಳೆಲ್ಲ ಕಂಡವು. ಮಣ್ಣಿನ ಗೋಡೆ, ಸುಣ್ಣದ ಗೋಡೆ, ಎಲ್ಲದರ ಮೇಲೂ ನನ್ನ ಗೆರೆ. ಆ ಗೆರೆಗಳು ಒಂದೊಂದಾಗಿ ಗೋಡೆಯಿಂದ ಜಾರಿ ನೆಲಕ್ಕೆ ಬೀಳುತ್ತಿದ್ದವು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಡಾಕ್ಟರು ಮಾತ್ರೆಯನ್ನು ಬೈಯುತ್ತಿದ್ದರು, ಅಷ್ಟೇ. ಮಾತ್ರೆ ಎದುರು ಮಾತಾಡುವುದಿಲ್ಲವಲ್ಲ.

“ಬರೀ ಗಂಜಿ,” ಅಂದೆ.

“ಏನಂದ್ರಿ?”

“ಆರು ಸಲವೂ ಬರೀ ಗಂಜಿ ಕುಡಿದು ನುಂಗಿದ್ದು. ಒಂದು ಹನಿ ತುಪ್ಪ ಇಲ್ಲ, ಹಾಲಿಲ್ಲ. ಈಯಮ್ಮ ಖಿಚಡಿಗೆ ತುಪ್ಪ ಹಾಕೋಕೆ ಬಂದ್ಲು. ನಾನೇ ತಡೆದೆ. ನಿಮಗೇನು ಗೊತ್ತು ಅಂತ ನಿಮ್ಮನ್ನೂ ಸೇರಿಸಿ ಅಂದೆ.”

ಅವರು ಪೆನ್ನು ಮತ್ತೆ ಎತ್ತಿಕೊಂಡರು. ಬರೆದದ್ದನ್ನು ಹೊಡೆದುಹಾಕಿದರು.

“ಆ ಎರಡನೇ ಔಷಧಿ ಜಿಡ್ಡಿಲ್ಲದೆ ಮೈಗೆ ಹತ್ತೋದೇ ಇಲ್ಲ, ಸರ್. ಹೊಟ್ಟೆಗೆ ಹೋಗತ್ತೆ, ಹಾಗೇ ಹೊರಗೆ ಹೋಗತ್ತೆ. ಜೋರು ಔಷಧಿ ಜ್ವರ ಇಳಿಸ್ತು, ನೀವೆಲ್ಲ ಗುಣ ಆಯ್ತು ಅಂದ್ಕೊಂಡ್ರಿ. ಉಳಿದ ರೋಗಾಣುಗಳನ್ನ ಮುಗಿಸೋರು ಯಾರೂ ಇರ್ಲಿಲ್ಲ. ಹಾಗಿದ್ರೆ ಮಾತ್ರೆ ಸೋತಿಲ್ಲ. ಇದೇ ಕೊಡಬಹುದು.”

“ನನ್ನನ್ನ ಬೈಯಿರಿ.”

“ಬೈಯೋಕೆ ಟೈಮಿಲ್ಲ. ಎರಡು ದಿನ ಬಿಟ್ಟು ನುಂಗೋ ಹಾಗಾಗ್ತಾರೆ. ಆಗ ತುಪ್ಪ ತಗೊಂಡು ಬನ್ನಿ.”

ಇಂಜೆಕ್ಷನ್ನಿಗೆ ಮಾರನೇ ದಿನವೇ ಜ್ವರ ಬಿಟ್ಟಿತು. ಮೂರನೇ ದಿನ ಅವನು ನನ್ನನ್ನು ‘ಭಾಯಿ’ ಅಂದ. ನಾನು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದೆ. ಮನೆಗೆ ಕರೆತಂದು ಆರು ಮಾತ್ರೆ ಮತ್ತೆ ಶುರು ಮಾಡಿದೆವು. ಚನ್ನಕ್ಕ ಕಾಯಿಸಿದ ತುಪ್ಪದ ಡಬ್ಬಿ ಹಿಡಿದು ನಿಮ್ಮ ಬಾಗಿಲಿಗೆ ಹೋದೆ. ಕೊಟ್ಟು ಹಿಂದೆ ಸರಿಯೋಣ ಅಂದುಕೊಂಡಿದ್ದೆ. ನಿನ್ನ ಅಮ್ಮಿ ಡಬ್ಬಿ ತೆಗೆದುಕೊಳ್ಳಲಿಲ್ಲ. ಖಿಚಡಿಯ ತಟ್ಟೆಯನ್ನು ನನ್ನ ಮುಂದೆ ಹಿಡಿದಳು. ಚಮಚವನ್ನೂ ಕೊಟ್ಟಳು.

“ನೀವೇ ಹಾಕಿ.”

ಹಾಕಿದೆ.

“ಇನ್ನೊಂದು.”

ಹಾಕಿದೆ. ಮಂಚದ ಮೇಲಿಂದ ಅವನು ನೋಡುತ್ತಿದ್ದ. “ಅವಾಗ ಹನಿಗೂ ಗತಿ ಇರ್ಲಿಲ್ಲ, ಈಗ ಮುಳುಗಿಸ್ತಿದ್ದಾರೆ. ಈ ಮನುಷ್ಯನಿಗೆ ನಡುವೆ ಅನ್ನೋದೇ ಇಲ್ಲ.”

ಅವನು ತಿಂದ, ಮಾತ್ರೆ ನುಂಗಿದ. ನಾನು ಅಭ್ಯಾಸದಂತೆ ಕಿವಿಯ ಮೇಲಿನ ಪೆನ್ಸಿಲಿಗೆ ಕೈ ಹಾಕಿದೆ. ಅವಳು ಕೈ ಚಾಚಿದಳು. ಪೆನ್ಸಿಲು ಕೊಟ್ಟೆ. ನನ್ನ ಆರು ಗೆರೆಗಳ ಕೆಳಗೆ ಅವಳು ಒಂದು ಗೆರೆ ಹಾಕಿ, ಅದರ ನೆತ್ತಿಯ ಮೇಲೆ ಒಂದು ಚುಕ್ಕೆ ಇಟ್ಟಳು. ಚುಕ್ಕೆ ಅಂದರೆ ತುಪ್ಪ. ಹಾಗೆ ಮೂರು ದಿನ, ಆರು ಗೆರೆ, ಆರು ಚುಕ್ಕೆ. ಚಮಚ ನನ್ನ ಕೈಯಲ್ಲಿ, ಪೆನ್ಸಿಲು ಅವಳ ಕೈಯಲ್ಲಿ. ಮುಂದಿನ ಸಲ ನೀನು ಬಂದಾಗ ನೋಡು, ಗೋಡೆಯ ಮೇಲೆ ಎರಡು ಸಾಲೂ ಹಾಗೇ ಇವೆ. ಮೇಲಿನ ಸಾಲನ್ನು ಅಳಿಸುತ್ತೇನೆ ಅಂದೆ. ಅವಳು ಬೇಡ ಅಂದಳು.

ಕೊನೆಯ ಮಾತ್ರೆಯ ದಿನ ನಿನ್ನ ಅಪ್ಪ ದಿಂಬಿಗೆ ಒರಗಿ ಅರೆನಿದ್ದೆಯಲ್ಲಿ ಮಾತಾಡಿದ. “ಭಾಯಿ, ಡಾಕ್ಟರಮ್ಮ ಹೇಳಿದ್ದು ಈಗ ತಿಳೀತು. ಜೋರು ಔಷಧಿ ಲಾಳಿ. ನಿಧಾನದ್ದು ಹಾಸು. ಹಾಸಿನ ಎಳೆಗಳನ್ನ ಉದ್ದಕ್ಕೂ ಬಿಗಿದು ಇಟ್ಟಿದ್ರೆ ತಾನೇ ಲಾಳಿ ಓಡಿದ್ದು ಬಟ್ಟೆ ಆಗೋದು? ನೀವು ಹಾಸು ಕಟ್ಟದೆ ನನ್ನ ಮಗ್ಗ ಓಡಿಸಿದ್ರಿ. ಅದಕ್ಕೇ ನೂಲೆಲ್ಲ ಕೆರೆಗೆ ಬಿತ್ತು.”

“ಈಗ?”

“ಈಗ ಬಟ್ಟೆ ಬರ್ತಿದೆ. ಬಿಳಿ ಬಟ್ಟೆ, ನೀರಿನ ಮೇಲೆ ಮಡಚಿಕೊಳ್ತಾ ಬರ್ತಿದೆ. ಅಂಚು ಇನ್ನೂ ಕಂಡಿಲ್ಲ.” ಅಷ್ಟು ಹೇಳಿ ನಿದ್ದೆ ಹೋದ.

ಅಂಚು ಕಾಣುವುದು ಇವತ್ತು. ತಡಿ ನೂರೀನ್, ಒಳಗಿಂದ ಕರೆಯುತ್ತಿದ್ದಾರೆ. ಉಳಿದದ್ದು ಬಂದು ಹೇಳುತ್ತೇನೆ.

ಬಂದೆ. ಒಳಗೆ ಹೋದ ಕೂಡಲೇ ಡಾಕ್ಟರಮ್ಮ ಮೈಕ್ರೋಸ್ಕೋಪಿನ ಮುಂದಿನ ಸ್ಟೂಲು ತೋರಿಸಿದರು.

“ನೀವೇ ನೋಡಿ, ಸರ್.”

“ನನಗೆ ಪೊರೆ ಬಂದಿದೆಯಮ್ಮ. ಬಲಗಣ್ಣು ಆಪರೇಷನ್ ಆಗಿಲ್ಲ.”

“ಎಡಗಣ್ಣಲ್ಲಿ ನೋಡಿ.”

ಕೂತೆ. ಮೊದಲು ನನ್ನ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕು. ಆಮೇಲೆ, ಏನು ಹೇಳಲಿ, ಮಳೆಮರದ ಹೂವು ಉದುರಿದ ಬೆಳಗಿನ ಕೆರೆ. ತಿಳಿ ಗುಲಾಬಿ ಬಣ್ಣದ ದುಂಡು ದುಂಡು ಚೂರುಗಳು, ಒಂದರ ಪಕ್ಕ ಒಂದು, ಅಲುಗಾಡದೆ ತೇಲುತ್ತ, ದಡವೇ ಇಲ್ಲದ ಹಾಗೆ. ಅದು ಮುಜಫ್ಫರನ ರಕ್ತ. ಮೂವತ್ತೊಂದು ವರ್ಷ ನಾನು ಡಬ್ಬಿಯಲ್ಲಿಟ್ಟು ಕಳಿಸಿದ್ದು ಇದನ್ನು. ಇಷ್ಟು ಚೆಂದ ಇರುತ್ತದೆ ಅಂತ ಯಾರೂ ಹೇಳಿರಲಿಲ್ಲ.

“ರೋಗಾಣು ಅಂದ್ರೆ ಸಣ್ಣ ಉಂಗುರ. ಆ ಥರ ಏನಾದ್ರೂ ಕಾಣ್ತಿದೆಯಾ?”

ಅವರು ತಿರುಪು ತಿರುಗಿಸುತ್ತ ಗಾಜನ್ನು ಸರಿಸಿದರು. ಕೆರೆ ಮೆಲ್ಲಗೆ ಜರುಗಿತು. ನಾನು ಉಸಿರು ಹಿಡಿದು ಹುಡುಕಿದೆ.

“ಇಲ್ಲ.”

“ನನಗೂ ಕಾಣ್ಲಿಲ್ಲ. ಲ್ಯಾಬಿನವರಿಗೂ ಕಾಣ್ಲಿಲ್ಲ. ಇನ್ನು ಎದ್ದೇಳಿ, ಬೇರೆ ಪೇಷಂಟ್ ಇದ್ದಾರೆ.”

ನಾನು ಇನ್ನೂ ಸ್ವಲ್ಪ ಹೊತ್ತು ಕೂತಿದ್ದೆ. ಅವರೂ ಎಬ್ಬಿಸಲಿಲ್ಲ.

ಈಗ ಮೂವರೂ ಮರದ ಕೆಳಗಿದ್ದೇವೆ. ನಿನ್ನ ಅಪ್ಪ ಪಕ್ಕದಲ್ಲೇ ಕೂತು ಆಕಾಶ ನೋಡುತ್ತಿದ್ದಾನೆ. ವಿಮಾನದ ಹಿಂದೆ ನೂಲು ಕಾಣುತ್ತಿದೆಯಾ ಅಂತ ಕೇಳಿದೆ. ‘ಬರೀ ವಿಮಾನ,’ ಅಂದ. ನಿನ್ನ ಅಮ್ಮಿ ಟಿಫನ್ ಡಬ್ಬಿ ಬಿಚ್ಚುತ್ತ ಕೇಳಿದಳು.

“ಯಾರ ಹತ್ರ ಇಷ್ಟೊತ್ತು ಮಾತು, ಭಾಯಿಸಾಬ್?”

“ನೂರೀನ್ ಹತ್ರ.”

“ಏನ್ ಹೇಳಿದ್ರಿ?”

“ಎಲ್ಲಾ.”

ಅವಳ ಕೈ ಡಬ್ಬಿಯ ಮೇಲೆ ಹಾಗೇ ನಿಂತಿತು. ಆಮೇಲೆ ಒಂದು ತಟ್ಟೆಯಲ್ಲಿ ಖಿಚಡಿ ಹಾಕಿ ಅವನಿಗೆ ಕೊಟ್ಟಳು, ಇನ್ನೊಂದು ತಟ್ಟೆಯನ್ನು ನನ್ನ ತೊಡೆಯ ಮೇಲೆ ಇಟ್ಟಳು. ಅವನ ತಟ್ಟೆ ಹೊಳೆಯುತ್ತಿದೆ. ನನ್ನದು ಒಣ.

“ನಂಗೆ ತುಪ್ಪ ಇಲ್ವೇನಮ್ಮ?”

“ಗಂಜಿ ಕುಡಿದು ಗಟ್ಟಿಯಾಗಿರೋರು ನೀವು. ನಿಮಗ್ಯಾಕೆ ತುಪ್ಪ?”

ನಿನ್ನ ಅಪ್ಪ ಅನ್ನ ನೆತ್ತಿಗೇರುವಷ್ಟು ನಗುತ್ತಿದ್ದಾನೆ, ನಿನಗೆ ಕೇಳಿಸುತ್ತಿರಬಹುದು. ಅವಳು ಚಮಚ ತೆಗೆದುಕೊಂಡಿದ್ದಾಳೆ, ಹಾಕುತ್ತಾಳೆ ಅನ್ನಿಸುತ್ತದೆ. ಅವಳ ಫೋನು ಪರ್ಸಿನಲ್ಲಿದೆ. ಈಗಲೇ ಮಾಡು.